ಕರಿ ಪೈಪಿನ ಗುಂಟ ಹೋದ ಮಾವ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಇಷ್ಟು ನಿಖರವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬೇಡಿ. ಫೋಟೊದ ಮೇಲೆ ಸಮಯ ಇದೆ. ದುಬೈ ಹೊರಗಿನ ಮರಳುಗಾಡು, ಕಪ್ಪು ಕನ್ನಡಕ, ಗಾಳಿಗೆ ಹಾರುವ ದುಪಟ್ಟಾ, ನಡುವೆ ಹಲ್ಲು ಕಿರಿದು ನಿಂತ ನಾನು. ಹಿಂದೆ ಎಡಗಡೆ, ಉಗುರಿನಷ್ಟು ಸಣ್ಣದಾಗಿ, ಬಿಳಿ ಧೋತರದವರೊಬ್ಬರು ನೆಲಕ್ಕೆ ಬಗ್ಗಿ ಏನನ್ನೋ ನೋಡುತ್ತಿದ್ದಾರೆ. ಅವರು ನನ್ನ ಮಾವ, ಅಂದರೆ ಗಂಡನ ತಂದೆ.

ಹತ್ತು ನಲವತ್ಮೂರರ ಫೋಟೊದಲ್ಲಿ ನಾನಿದ್ದೇನೆ. ಮರಳಿದೆ. ಮಾವ ಇಲ್ಲ.

ಈ ವಾರದ ಅಂಕಣದಲ್ಲಿ ಬರೆಯಬೇಕಿದ್ದದ್ದು ಬೇರೆಯೇ. ‘ದುಬೈಗೆ ಹೊಂಟೀರಂತ, ನಾಕ ದಿನದಾಗ ಅಲ್ಲಿ ಏನೇನ್ ನೋಡಬೇಕು ಅಂತ ಬರೀರಿ ಮೇಡಂ’ ಎಂದು ಕುಷ್ಟಗಿಯ ಓದುಗರೊಬ್ಬರು ಮೆಸೇಜ್ ಮಾಡಿದ್ದರು. ಬರೆಯೋಣ ಎಂದುಕೊಂಡು ಲಿಸ್ಟ್ ಕೂಡ ಮಾಡಿಕೊಂಡಿದ್ದೆ.

ನಾವು ಹೋದದ್ದಾದರೂ ಹೇಗೆ? ನನ್ನ ಗಂಡನಿಗೆ ಗಂಗಾವತಿಯಲ್ಲಿ ರೈಸ್‌ಮಿಲ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಮಷೀನ್ ಕಂಪನಿಯೊಂದು ತನ್ನ ಡೀಲರುಗಳನ್ನು ನಾಲ್ಕು ದಿನ ದುಬೈಗೆ ಕರೆದೊಯ್ದಿತು, ಬೇಸಿಗೆಯಲ್ಲಿ. (ಬೇಸಿಗೆಯಲ್ಲೇ ಎಲ್ಲ ಅಗ್ಗ ಯಾಕೆ ಎಂಬುದು ವಿಮಾನದ ಬಾಗಿಲು ತೆರೆದ ಕೂಡಲೇ ಗೊತ್ತಾಯಿತು.) ಮಾವನ ಟಿಕೆಟ್ ನಾವೇ ತೆಗೆಸಿದೆವು. ಅವರಿಗೆ ಎಪ್ಪತ್ತೊಂದು. ಎಡದಂಡೆ ಕಾಲುವೆಯಲ್ಲಿ ಮೂವತ್ತೊಂದು ವರ್ಷ ಗ್ಯಾಂಗ್‌ಮನ್ ಆಗಿದ್ದವರು. ಒಂದು ಉಪಕಾಲುವೆ ಅವರ ಸುಪರ್ದಿನಲ್ಲಿತ್ತು. ದಿನವೂ ದಂಡೆಯ ಮೇಲೆ ನಡೆಯುವುದು, ಗೇಜ್ ನೋಡುವುದು, ಹೊಲಗಳ ತೂಬು ತೆರೆದು ಮುಚ್ಚುವುದು, ಒಡೆದಲ್ಲಿ ಮಣ್ಣು ಹಾಕಿಸುವುದು. ನೌಕರಿ ಮುಗಿದು ವರ್ಷಗಳಾದರೂ ಅವರ ಕಾಲಿಗೆ ಅದಿನ್ನೂ ಗೊತ್ತಾಗಿಲ್ಲ.

ಮೊದಲೆರಡು ದಿನ ತೆರೆದ ನನ್ನ ಬಾಯಿ ಮುಚ್ಚಲಿಲ್ಲ. ಕಿವಿ ಗುಂಯ್ ಎನ್ನುವಷ್ಟರಲ್ಲಿ ಲಿಫ್ಟ್ ನಮ್ಮನ್ನು ಆಕಾಶದಲ್ಲಿ ಇಳಿಸಿತ್ತು. ಮೇಲಿನಿಂದ ಹನ್ನೆರಡು ಸಾಲಿನ ರಸ್ತೆ ಹೊಲದ ಬದುವಿನಂತೆ ಕಂಡಿತು. ಡ್ರೈವರ್ ಇಲ್ಲದ ಮೆಟ್ರೊ. ಬಸ್‌ಸ್ಟಾಪಿಗೂ ಎಸಿ. ಮಾಲ್ ಒಳಗೆ ಹಿಮ! ನಾನು ಹುಟ್ಟಿದ್ದು ಕಾಲುವೆಯೇ ಇಲ್ಲದ ಯಲಬುರ್ಗಾ ಕಡೆಯ ತಳಕಲ್‌ನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ, ತುಂಬಿ ಹರಿಯುವ ಕಾಲುವೆ ನೋಡುತ್ತ ಒಂದು ತಾಸು ದಂಡೆಯ ಮೇಲೆ ನಿಂತುಬಿಟ್ಟಿದ್ದೆ. ಹೊಸ ಸೊಸೆಗೆ ಏನಾಯಿತೋ ಎಂದು ಮನೆಯವರು ಗಾಬರಿಯಾಗಿದ್ದರು. ಅಂಥವಳ ಮುಂದೆ, ಮಳೆಯೇ ಅಪರೂಪವಾದ ಊರಿನಲ್ಲಿ, ಹಾಡಿಗೆ ತಕ್ಕಂತೆ ಕಾರಂಜಿ ಕುಣಿದರೆ ಹೇಗಾಗಬೇಡ?

ಮಾವ ಮಾತ್ರ ಕಾರಂಜಿಯ ಬುಡ ನೋಡುತ್ತಿದ್ದರು.

“ಯವ್ವಾ ಸುನಂದಾ, ಈ ನೀರು ಎಲ್ಲಿಂದ ಬರತೈತಿ?”

“ಸಮುದ್ರದ್ದಂತ್ರಿ ಮಾವಾರ. ಉಪ್ಪು ತಗದು ಬಿಡ್ತಾರಂತ.”

“ಬರೂದು ಆತು. ಹೋಗೂದು ಎಲ್ಲಿಗೆ?”

“ಹೋಗೂದು ಬಿಡ್ರಿ, ಕುಣಿಯೂದು ನೋಡ್ರಿ!”

“ಎಷ್ಟೊತ್ತು ನೋಡ್ಲಿ? ನೀರು ಮುಟ್ಟೂದು ನೋಡಾಂವ ನಾನು.”

ಪಕ್ಕದಲ್ಲಿದ್ದ ನನ್ನ ಗಂಡ ನಕ್ಕ. “ಅಪ್ಪಾ, ಇಲ್ಲೂ ಡ್ಯೂಟಿ ಹಾಕ್ಯಾರೇನು ನಿನ್ನ?”

ನಾನೂ ನಕ್ಕೆ.

ಮೂರನೆಯ ದಿನ ಗಂಡನಿಗೆ ಹೋಟೆಲಿನಲ್ಲಿ ಮೀಟಿಂಗು. ನನಗೂ ಮಾವನಿಗೂ ಬೆಳಗಿನ ಮರಳುಗಾಡಿನ ಸಫಾರಿ. ನಮ್ಮ ಗಾಡಿಯ ಡ್ರೈವರ್ ಹಮೀದ್, ಪೇಶಾವರ ಕಡೆಯವನು. ಮಾವನ ಗಂಗಾವತಿ ಉರ್ದು ಕೇಳಿ ಅವನಿಗೆ ಖುಷಿಯೋ ಖುಷಿ. ದಾರಿಯುದ್ದಕ್ಕೂ ಇಬ್ಬರದೂ ಮಾತೇ ಮಾತು. ಒಂದು ದಿಬ್ಬದ ಹತ್ತಿರ ಇಳಿದೆವು. ಗಾಡಿಯ ಮೀಟರಿನಲ್ಲಿ ಹೊರಗಿನ ಬಿಸಿ ನಲವತ್ತನಾಲ್ಕು.

“ಮಾವಾರ, ಗಾಡಿ ನೆಳ್ಳಾಗ ಇರ್ರಿ. ಐದ ಮಿನಿಟಿನಾಗ ಬರ್ತೀನಿ” ಎಂದೆ. ಹಮೀದನ ಕೈಗೆ ಫೋನ್ ಕೊಟ್ಟು ಪೋಸ್ ಕೊಟ್ಟೆ. ಒಂದಲ್ಲ, ಇಪ್ಪತ್ಮೂರು ಪೋಸ್.

ವಾಪಸ್ ಬಂದಾಗ ಸೀಟಿನ ಮೇಲೆ ಮಾವನ ನೀರಿನ ಬಾಟಲಿ ಇತ್ತು. ಅವರ ಫೋನ್ ನನ್ನ ಬ್ಯಾಗಿನಲ್ಲಿತ್ತು. (‘ಧೋತರದಾಗ ಎಲ್ಲಿ ಇಡ್ಲಿ, ನೀನ ಇಟ್ಕೊ’ ಎಂದಿದ್ದರು.) ಹೆಜ್ಜೆ ಗುರುತು ಹುಡುಕಿದೆವು. ಗಾಳಿ ಅಷ್ಟರಲ್ಲೇ ಎಲ್ಲವನ್ನೂ ಒರೆಸಿ ಹಾಕಿತ್ತು.

ಮರಳುಗಾಡಿನಲ್ಲಿ ಕೂಗಿದ್ದೀರಾ? ಕೂಗು ಎಲ್ಲಿಗೂ ತಾಗುವುದಿಲ್ಲ. ತಿರುಗಿಯೂ ಬರುವುದಿಲ್ಲ. ಫೋಟೊದಲ್ಲಿ ಬಂಗಾರದಂತಿದ್ದ ಅದೇ ಮರಳು ಈಗ ಬರೀ ದೊಡ್ಡದಾಗಿತ್ತು. ಎತ್ತ ನೋಡಿದರೂ ಒಂದೇ.

“ದಾರಿ ತಪ್ಪಿದವರು ರೋಡಿನ ಕಡೆಗೇ ಹೋಗ್ತಾರೆ ಬಾಜಿ” ಎಂದು ಉರ್ದುವಿನಲ್ಲಿ ಹೇಳುತ್ತ ಹಮೀದ್ ಗಾಡಿ ತಿರುಗಿಸಿದ. (ಬಾಜಿ ಎಂದರೆ ಅಕ್ಕ.) ಕಂಪನಿಗೂ ಪೊಲೀಸರಿಗೂ ಫೋನ್ ಮಾಡಿದ. ರೋಡಿನಲ್ಲಿ ಹೋದೆವು, ಬಂದೆವು, ಮತ್ತೆ ಹೋದೆವು. ನಲವತ್ತು ನಿಮಿಷ ಹಾಗೇ ಕಳೆಯಿತು. ಗಂಡನಿಗೆ ಏನೆಂದು ಹೇಳಲಿ? ಫೋಟೊ ತೆಗೆಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ನಿಮ್ಮ ಅಪ್ಪ ಕಳೆದುಹೋದರು ಎಂದೇ?

ಪೊಲೀಸರಿಗೆ ತೋರಿಸಲು ಮಾವನ ಚಿತ್ರ ಹುಡುಕುವಾಗ ಆ ಹತ್ತು ನಲವತ್ತರ ಫೋಟೊ ಬಂತು. ದೊಡ್ಡದು ಮಾಡಿದೆ. ಮಾವ ಬಗ್ಗಿ ನೋಡುತ್ತಿದ್ದದ್ದು ನೆಲದ ಮೇಲಿನ ಒಂದು ಕರಿ ಗೆರೆ.

“ಇದೇನು?”

“ಪೈಪು. ಅಲ್ಲಿ ಗಿಡ ಹಚ್ಚಿದ್ದಾರೆ, ಅವಕ್ಕೆ ಹನಿ ಹನಿ ನೀರು ಹೋಗುತ್ತೆ.” ಹಮೀದ್ ನನ್ನ ಮುಖ ನೋಡಿದ. “ಚಾಚಾ ಊರಿನಲ್ಲಿ ಏನು ಕೆಲಸ ಮಾಡ್ತಿದ್ದರು?”

ನನಗೆ ಎಲ್ಲ ತಿಳಿದುಹೋಯಿತು. “ಪೈಪಿನ ಗುಂಟ ನಡಿಯಪ್ಪಾ” ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಅರ್ಥವಾಯಿತು.

ದಿಬ್ಬಕ್ಕೆ ವಾಪಸ್ ಬಂದು ಪೈಪಿನ ಜೊತೆಗೇ ಗಾಡಿ ಬಿಟ್ಟೆವು. ಒಂದೊಂದು ಗಿಡದ ಬುಡದಲ್ಲೂ ತಟ್ಟೆಯಗಲ ಒದ್ದೆ. ಒಂದು ಕಡೆ ಪೈಪು ಎರಡಾಯಿತು. ಎಡಕ್ಕೆ ದಪ್ಪ, ಬಲಕ್ಕೆ ಸಣ್ಣದು. ಹಮೀದ್ ಎಡಕ್ಕೆ ತಿರುಗಿಸಿದ. ದಪ್ಪ ಪೈಪು ಪಂಪ್‌ಹೌಸಿಗೆ ಹೋಗುತ್ತದೆ, ಅಲ್ಲಿ ಜನ ಇರುತ್ತಾರೆ, ಬದುಕಬೇಕೆನ್ನುವವರು ಅತ್ತ ಹೋಗುತ್ತಾರೆ ಎಂಬುದು ಅವನ ಲೆಕ್ಕ. ನ್ಯಾಯವೇ. ನಾನು ಸ್ಟೇರಿಂಗ್ ಹಿಡಿದು ಬಲಕ್ಕೆ ತೋರಿಸಿದೆ. ಮೂವತ್ತೊಂದು ವರ್ಷ ಉಪಕಾಲುವೆ ಕಾದ ಮನುಷ್ಯ ನೀರು ಬಂದ ಕಡೆಗೆ ಹೋಗುವುದಿಲ್ಲ. ನೀರು ಹೋಗುವ ಕಡೆಗೆ ಹೋಗುತ್ತಾರೆ.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಸಿಕ್ಕರು.

ಸಾಲಿನ ಕಟ್ಟಕಡೆಯ ಗಿಡ. ಆಳೆತ್ತರವೂ ಇಲ್ಲ. ಅದರ ನೆರಳಿನಲ್ಲಿ ತಲೆ ಮಾತ್ರ ಹಿಡಿಸುತ್ತಿತ್ತು. ಮಾವ ಬುಡದಲ್ಲಿ ಕೈಯಿಂದ ಬೊಗಸೆಯಷ್ಟು ಗುಂಡಿ ತೋಡಿ, ಬಸಿದ ನೀರಿನಲ್ಲಿ ಟವೆಲ್ ಅದ್ದಿ ತಲೆಗೆ ಹಾಕಿಕೊಂಡು ಕೂತಿದ್ದರು. ತುಟಿ ಬೆಳ್ಳಗಾಗಿತ್ತು. ಏಳಲು ಆಗುತ್ತಿರಲಿಲ್ಲ.

“ಮಾವಾರ!” ಎಂದು ಓಡಿದವಳು ಅಳುತ್ತಲೇ ಬೈದೆ. ಜೀವನದಲ್ಲಿ ಮೊದಲ ಸಲ ಬೈದೆ. “ಬುದ್ಧಿ ಐತೇನ್ರಿ ನಿಮಗ? ಸತ್ತಗಿತ್ತಿದ್ರ?”

ಅವರು ಪೈಪಿನ ತುದಿ ತೋರಿಸಿದರು. ಪೈಪು ಹಾಕಿದವರು ಅದನ್ನು ಮಡಚಿ ತಂತಿ ಸುತ್ತಿದ್ದರು. ಅದರ ಹಿಂದಿನ ತೂತಿನಿಂದ ಹನಿ ಬೀಳುತ್ತಿತ್ತು. ಟಪ್. ಟಪ್.

“ಕೊನಿ ಗಿಡಕ್ಕೂ ಬಂದೈತವ್ವಾ” ಎಂದರು. “ಮೊದಲನೇ ಗಿಡಕ್ಕ ಎಷ್ಟೋ, ಇದಕ್ಕೂ ಅಷ್ಟ.”

ಹಮೀದ್ ಗಾಬರಿಯಿಂದ “ಚಾಚಾ, ಇದನ್ನ ಕುಡಿದಿಲ್ಲ ತಾನೇ? ಚರಂಡಿ ನೀರು, ಶುದ್ಧ ಮಾಡಿ ಗಿಡಕ್ಕೆ ಬಿಡ್ತಾರೆ” ಎಂದ. ಮಾವ ಮೂಗು ಮುಟ್ಟಿ ತೋರಿಸಿದರು. ವಾಸನೆಯಿಂದಲೇ ಗೊತ್ತಾಗಿತ್ತಂತೆ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿದರು. ಒದ್ದೆ ಟವೆಲ್ ಇಲ್ಲದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮುದ್ದೆಯಾದ ಟವೆಲ್ ಹಿಡಿದು ನಾನು ಕಾರಿಡಾರಿನಲ್ಲಿ ನಿಂತಿದ್ದೆ.

ಊರಿಗೆ ಬಂದ ಮೇಲೂ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಮರಳು. ಒಗ್ಗರಣೆ ಹಾಕುವಾಗ ಗಡಿಯಾರ ಹತ್ತು ನಲವತ್ತು ತೋರಿಸಿದರೆ ಕೈ ನಿಂತು ಸಾಸಿವೆ ಸೀದುಹೋಗುತ್ತಿತ್ತು. ಮಾವ ಹಿತ್ತಲಿಗೆ ಹೋದರೂ ಹಿಂದೆ ಹೋಗುತ್ತಿದ್ದೆ. “ಹಿತ್ತಲದಾಗ ಮರಳಿಲ್ಲ, ಒಂಟೆ ಇಲ್ಲ ಬಿಡವ್ವಾ” ಎಂದು ನಗಿಸುತ್ತಿದ್ದರು. ಆದರೆ ಅವರಿಗೂ ನಿದ್ದೆ ಇಲ್ಲವೆಂದು ಕೆಂಪಾದ ಕಣ್ಣುಗಳು ಹೇಳುತ್ತಿದ್ದವು.

ಮೊನ್ನೆ ಗುರುವಾರ ಬೆಳಿಗ್ಗೆ, “ನಡಿ, ಹುಸೇನಪ್ಪನ ಹೊಲಕ್ಕ ಹೋಗಿ ಬರೂಣು” ಎಂದರು.

ಹುಸೇನಪ್ಪ ಮಾವನ ವಾರಿಗೆಯವರು. ಅವರ ಹೊಲ ಇರುವುದು ಮಾವ ಕಾಯುತ್ತಿದ್ದ ಉಪಕಾಲುವೆಯ ಕಟ್ಟಕಡೆಗೆ. ನಮ್ಮ ಎರಡು ಎಕರೆ ಮೇಲ್ಗಡೆ, ಮೂರನೆಯ ತೂಬಿಗೆ. ನಮ್ಮಲ್ಲಿ ಎರಡು ಬೆಳೆ ಭತ್ತ. ಸ್ಕೂಟಿಯಲ್ಲಿ ದಂಡೆಗುಂಟ ಹೋದಂತೆ ಕಾಲುವೆ ಸಣ್ಣದಾಯಿತು, ಹೂಳು ತುಂಬಿತು, ಜಾಲಿ ಬೆಳೆಯಿತು. ಕೊನೆಗೆ ಅದು ಕಾಲುವೆಯೋ ತಗ್ಗೋ ಗೊತ್ತಾಗಲಿಲ್ಲ. ಹುಸೇನಪ್ಪ ಸಜ್ಜೆ ಬಿತ್ತಲು ಹೊಲ ಹಸನು ಮಾಡುತ್ತಿದ್ದರು.

“ಏ ಗ್ಯಾಂಗ್‌ಮನ್ನಾ!” ದೂರದಿಂದಲೇ ಕೂಗಿದರು. “ನೀರ ಮೊದಲ ಬರತೈತೋ, ನೀ ಮೊದಲ ಬರ್ತಿಯೋ ಅಂತ ಕಾಯಾಕ್ಹತ್ತಿದ್ದೆ. ನೀನ ಗೆದ್ದಿ ನೋಡು!”

ಮಾವ ನಗಲಿಲ್ಲ. ಬದುವಿನ ಮೇಲೆ ಕೂತು ಪೈಪಿನ ಕತೆ ಪೂರ್ತಿ ಹೇಳಿದರು. ಕೊನೆಯ ಗಿಡ, ಮಡಚಿದ ತುದಿ, ಹನಿ. ಹುಸೇನಪ್ಪ ಕೇಳುತ್ತ ಬಂದು ಎದುರಿಗೆ ಕೂತರು.

“ಅಲ್ಲಿ ಅಂಥಾ ಬಿಸಲಾಗ ಗಿಡದ ತನಕ ನಡದಿ. ಇಲ್ಲಿಗೆ ಬರಾಕ ಮೂವತ್ತ ವರ್ಷ ಹಿಡೀತೇನೋ?”

“ದಿನಾ ದಂಡಿ ಮ್ಯಾಲಿಂದನ ತಿರುಗಿ ಹೋಗ್ತಿದ್ದೆ. ಮಾರಿ ಇದ್ದಿಲ್ಲೋ ಹುಸೇನಪ್ಪಾ, ನಿನಗ ತೋರ್ಸಾಕ” ಎಂದರು ಮಾವ. “ನನ್ನ ಹೊಲದ ತೂಬ ಇರಬೇಕಾದ್ದಕ್ಕಿಂತ ನಾಕ ಬೆರಳ ಹೆಚ್ಚಿಗಿ ಅಗಲ ಐತಿ. ಇಡಿಸಿದಾಂವ ನಾನ.”

ನನಗೆ ಗೊತ್ತಿರಲಿಲ್ಲ. ಮೂರನೆಯ ತೂಬಿನ ಅನ್ನವನ್ನು ಇಷ್ಟು ವರ್ಷ ಉಂಡವಳು ನಾನು.

ಹುಸೇನಪ್ಪ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ, “ಗೊತ್ತಿತ್ತು ತಗೋ” ಎಂದರು. “ನೀ ಹೇಳ್ತಿಯೋ ಇಲ್ಲೋ ಅಂತ ನೋಡಾಕ್ಹತ್ತಿದ್ದೆ. ಏಳು, ಚಾ ಕುಡಿ.”

ಬರುವಾಗ ಮಾವ ನಮ್ಮ ತೂಬಿನ ಹತ್ತಿರ ಸ್ಕೂಟಿ ನಿಲ್ಲಿಸಲು ಹೇಳಿದರು. ಇಳಿದು ಅದರ ಬಾಯಿಗೆ ಗೇಣು ಹಾಕಿ ಅಳೆದರು. “ಮುಂದಿನ ನೀರು ಬಿಡೂದರಾಗ ಇದನ್ನ ಸಣ್ಣದು ಮಾಡಸಬೇಕವ್ವಾ. ನನ್ನ ಮಗ ಒದರ್ತಾನ. ಒದರ್ಲಿ.”

ಆ ಗುರುವಾರ ರಾತ್ರಿ ಮಾವ ಬೆಳಗಿನವರೆಗೂ ಗೊರಕೆ ಹೊಡೆದರು. ಗಂಡ ಹೇಳಿದ್ದರಿಂದ ನನಗೆ ಗೊತ್ತಾಯಿತು, ಯಾಕೆಂದರೆ ನಾನೂ ಮಲಗಿದ್ದೆ.

ಕಾಲುವೆಯ ಮೇಲ್ಗಡೆ ಇರುವ ನಮಗೆಲ್ಲ, ದುಬೈಗೆ ಹೋಗುವ ಮೊದಲು, ಇಷ್ಟು ವರ್ಷ ನಿದ್ದೆ ಹೇಗೆ ಬರುತ್ತಿತ್ತು?