ಜೋಗುಪಾಳ್ಯದ ತಂತಿಯಲ್ಲಿ ಒಂದು ಹದ್ದು

ನಿವೃತ್ತನಾದ ಮೇಲೂ ನಾನು ಏಳುವುದು ಐದಕ್ಕೇ. ಐದೂವರೆಗೆ ಸ್ನಾನ, ಆರಕ್ಕೆ ಕಾಫಿ. ಆರರಿಂದ ಎಂಟರವರೆಗೆ ಮಾಡಲು ಏನೂ ಇರಲಿಲ್ಲ. ವಾರದ ಆರು ದಿನ ಆ ಹೊತ್ತಿನಲ್ಲಿ ನಡೆದಾಡುತ್ತಿದ್ದೆ. ಭಾನುವಾರಕ್ಕೆ ಮಾಂಜಾ ಬಿಡಿಸುವವರ ಗುಂಪಿಗೆ ಸೇರಿದೆ. ಹಕ್ಕಿಗಳ ಮೇಲಿನ ಪ್ರೀತಿಯಿಂದ ಸೇರಿದೆ ಎಂದರೆ ಸುಳ್ಳಾಗುತ್ತದೆ.

ಮಾಂಜಾ ಎಂದರೆ ಗಾಜಿನ ಪುಡಿ ಮೆತ್ತಿದ ಗಾಳಿಪಟದ ದಾರ. ಪಟ ಹರಿದುಹೋದ ಮೇಲೂ ದಾರ ಮರದಲ್ಲಿ ವರ್ಷಗಟ್ಟಲೆ ಇರುತ್ತದೆ. ಶಿವಾಜಿನಗರದ ಮಟನ್ ಅಂಗಡಿಗಳ ಚೂರುಪಾರಿಗೆ ಬರುವ ಹದ್ದುಗಳು, ಹಲಸೂರು ಕೆರೆಯ ಬೆಳ್ಳಕ್ಕಿಗಳು, ಗೂಬೆಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ನಮ್ಮ ಕೆಲಸ ಸರಳ. ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರಿನ ಗಳದಿಂದ ದಾರವನ್ನು ಸುತ್ತಿ ಎಳೆಯುವುದು, ಕತ್ತರಿಯಿಂದ ತುಂಡು ತುಂಡು ಮಾಡಿ ಚೀಲಕ್ಕೆ ತುಂಬುವುದು. ಹಕ್ಕಿ ಸಿಕ್ಕಿದ್ದರೆ ದಾರ ಎಳೆಯಬಾರದು. ಎರಡೂ ಕಡೆ ಕತ್ತರಿಸಿ, ತಲೆಯ ಮೇಲೆ ಟವೆಲ್ ಹೊದಿಸಿ, ತೂತು ಮಾಡಿದ ರಟ್ಟಿನ ಡಬ್ಬಕ್ಕೆ ಇಳಿಸಬೇಕು. ನೀರು ಕುಡಿಸಬಾರದು. ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೇರವಾಗಿ ಒಯ್ಯಬೇಕು. ಇಷ್ಟನ್ನು ಯಾರು ಬೇಕಾದರೂ ಅರ್ಧ ದಿನದಲ್ಲಿ ಕಲಿಯಬಹುದು.

ಗುಂಪನ್ನು ನಡೆಸುವವಳು ಧಾರವಾಡ ಕಡೆಯ ಹುಡುಗಿ. ಹೊರಮಾವಿನಲ್ಲಿ ಮನೆ, ಮಹದೇವಪುರದಲ್ಲಿ ಆಫೀಸು. ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್ ಮೇಸ್ತ್ರಿಯಾಗಿದ್ದೆ ಎಂದು ತಿಳಿದದ್ದೇ, ತಂತಿ ಹತ್ತಿರ ಇರುವ ಕೆಲಸವೆಲ್ಲ ನಿಮ್ಮ ಮಾತಿನ ಪ್ರಕಾರ ಎಂದು ಹೇಳಿಬಿಟ್ಟಳು. ನಾನು ಒಪ್ಪಿಕೊಂಡೆ.

ಆ ಭಾನುವಾರ ಏಳಕ್ಕೆ ಜೋಗುಪಾಳ್ಯದಿಂದ ಫೋನು ಬಂತು. ಕೆಳಗೆ ಟೈಲರಿಂಗ್ ಅಂಗಡಿ, ಮೇಲೆ ಮನೆ ಇರುವ ಒಬ್ಬಾಕೆ ಮಾಡಿದ್ದರು. ಅವರ ತಾರಸಿಯ ಎದುರಿಗೆ ಹದ್ದೊಂದು ನೇತಾಡುತ್ತಿದೆಯಂತೆ. ಹತ್ತು ನಿಮಿಷದಲ್ಲಿ ನಾನೂ ಹುಡುಗಿಯೂ ತಾರಸಿ ಮೇಲಿದ್ದೆವು. ದಾರದ ಒಂದು ತುದಿ ಹೊಂಗೆ ಕೊಂಬೆಗೆ, ಇನ್ನೊಂದು ವಿದ್ಯುತ್ ತಂತಿಗೆ ಸುತ್ತಿಕೊಂಡಿತ್ತು. ನಡುವೆ ಹದ್ದು, ಬಲ ರೆಕ್ಕೆಯಿಂದ ತೂಗುತ್ತಿತ್ತು. ಬಡಿದುಕೊಂಡಾಗಲೆಲ್ಲ ದಾರ ಇನ್ನಷ್ಟು ಒಳಕ್ಕೆ ಹೋಗುತ್ತಿತ್ತು.

ಹುಡುಗಿ ಗಳ ಎತ್ತಿದಳು. ನಾನು ಅದನ್ನು ಹಿಡಿದು ತಡೆದೆ. ರಾತ್ರಿ ಮಳೆ ಬಂದಿತ್ತು, ಬಿದಿರು ಒದ್ದೆಯಾಗಿತ್ತು.

ಡ್ಯೂಟಿಯಲ್ಲಿದ್ದ ಲೈನ್‌ಮನ್‌ಗೆ ಫೋನ್ ಮಾಡಿದೆ. ಅವನು ಹಲಸೂರಿನಲ್ಲಿ ಬೇರೆ ಕೆಲಸದಲ್ಲಿದ್ದ. ಅಲ್ಲೇ ಹತ್ತಿರವಿದ್ದ ಈ ಲೈನಿನ ಸ್ವಿಚ್ ತೆಗೆದು ತಿರುಗಿ ಫೋನ್ ಮಾಡಿದ.

"ಆಫ್ ಮಾಡಿದೀನಿ ಸಾರ್. ನೀವ್ ಮಾಡ್ಕೊಳ್ಳಿ."

"ನೀನು ಬಂದು ತಂತಿ ಅರ್ತ್ ಮಾಡಿ ಲೈನ್ ಕ್ಲಿಯರ್ ಕೊಡಪ್ಪ. ಆಮೇಲೆ."

"ಸಾರ್, ನಾನೇ ತೆಗ್ದಿದೀನಿ ಅಂತಿದೀನಲ್ಲ."

"ಫೋನಲ್ಲಿ ಲೈನ್ ಕ್ಲಿಯರ್ ಇಲ್ಲ."

ತಂತಿ ಸತ್ತಿದೆ ಎಂದು ಎದುರಿಗೆ ನಿಂತು ಪರೀಕ್ಷಿಸಿ, ಅದನ್ನು ನೆಲಕ್ಕೆ ಜೋಡಿಸಿ, ಚೀಟಿಯಲ್ಲಿ ಬರೆದುಕೊಡುವುದೇ ಲೈನ್ ಕ್ಲಿಯರ್. ಅದಿಲ್ಲದೆ ತಂತಿಗೆ ಕೈ ಹಾಕುವ ಹಾಗಿಲ್ಲ.

ತಾರಸಿಯಾಕೆ ಒಳಗೆ ಹೋಗಿ ಬಂದರು. "ಫ್ಯಾನ್ ನಿಂತೋಗಿದೆ, ಮಿಷಿನ್ನೂ ನಿಂತೋಗಿದೆ. ಇನ್ನೇನ್ ಯಜಮಾನ್ರೆ, ಕರೆಂಟೇ ಬಂದು ನಾನ್ ಹೋಗ್ತೀನಿ ಅಂತ ಹೇಳ್ಬೇಕಾ?"

"ಸರ, ಫ್ಯಾನ್ ನಿಂತಾವ್ರಿ," ಎಂದಳು ಹುಡುಗಿ. "ಎರಡ ನಿಮಿಷದ ಕೆಲಸ ಐತಿ. ಅದು ಬಡಕೊಳ್ಳಾಕತ್ತೈತಿ ನೋಡ್ರಿ."

"ಕಾಯೋಣ," ಎಂದೆ.

ಕಾರಣ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ಸರ್ವೀಸಿನಲ್ಲಿದ್ದಾಗ ಕೆ.ಆರ್. ಪುರದ ಕಡೆ ಒಂದು ಕಂಬದ ಕೆಳಗೆ ಹೀಗೇ ನಿಂತಿದ್ದೆ. ಲೈನ್ ಆಫ್ ಆಗಿದೆ ಎಂದು ಫೋನು ಬಂತು. ಕಂಬ ಹತ್ತು ಎಂದು ನನ್ನ ಜೊತೆಗಾರನಿಗೆ ಹೇಳಿದೆ. ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಆ ಬೀದಿಯ ಛತ್ರದಲ್ಲಿ ಮದುವೆ ಇತ್ತು. ಅವರು ಜನರೇಟರ್ ಹಾಕಿದರು, ತಪ್ಪಾಗಿ ಜೋಡಿಸಿದ್ದ ಅದರ ಕರೆಂಟು ತಂತಿಗೆ ಹಿಂದಿನಿಂದ ಬಂತು. ಅವನ ಮನೆಗೆ ಹೋಗಿ ಹೇಳಿದವನು ನಾನೇ. ಮಾರನೆಯ ದಿನ ಎಂಟೂವರೆಗೆ ಡ್ಯೂಟಿಗೆ ಹಾಜರಾದೆ.

ಜೋಗುಪಾಳ್ಯದ ಆ ಓಣಿಯಲ್ಲೂ ಯಾರದೋ ಜನರೇಟರ್ ಸದ್ದು ಕೇಳುತ್ತಿತ್ತು.

ಕೈಯಲ್ಲಿದ್ದ ಕೆಲಸ ಮುಗಿಸಿ ಲೈನ್‌ಮನ್ ಬರಲು ಐವತ್ತೆರಡು ನಿಮಿಷವಾಯಿತು. ಮೊದಲ ಇಪ್ಪತ್ತು ನಿಮಿಷ ಹದ್ದು ಬಡಿದುಕೊಂಡಿತು. ಆಮೇಲೆ ಬಿಟ್ಟು ಬಿಟ್ಟು. ಆಮೇಲೆ ಸುಮ್ಮನೆ ತೂಗಿತು. ಇನ್ನೊಂದು ಹದ್ದು ಮೇಲೆ ಸುತ್ತುತ್ತಿತ್ತು. ಹುಡುಗಿ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ತಾರಸಿಯಾಕೆ ಪಕ್ಕದ ತಾರಸಿಯವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು: "ಇವ್ರು ಸರ್ಕಾರಿ ಹದ್ದು ಅನ್ಕೊಂಡಿದಾರೆ ಕಣೆ. ಆರ್ಡರ್ ಬರ್ಬೇಕಂತೆ."

ಲೈನ್‌ಮನ್ ಬಂದು ತಂತಿ ಪರೀಕ್ಷಿಸಿ ಅರ್ತ್ ರಾಡ್ ಹಾಕಿದ. ಕಿಡಿ ಬರಲಿಲ್ಲ. ತಂತಿ ಸತ್ತೇ ಇತ್ತು, ಅವನು ಫೋನಿನಲ್ಲಿ ಹೇಳಿದ ಹೊತ್ತಿನಿಂದಲೂ.

"ನಾನ್ ಹೇಳ್ಲಿಲ್ವಾ ಸಾರ್," ಎಂದ. ಚೀಟಿ ಬರೆದುಕೊಟ್ಟ. ನಾನು ಸಹಿ ಹಾಕಿದೆ.

ಬಿಡಿಸಲು ಎರಡು ನಿಮಿಷವೂ ಆಗಲಿಲ್ಲ. ಹದ್ದಿಗೆ ಉಸಿರಿತ್ತು. ಹುಡುಗಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದಳು.

ಸಂಜೆ ನಾಲ್ಕಕ್ಕೆ ಅವಳ ಫೋನು. ದಾರ ಎಲುಬಿನವರೆಗೆ ಹೋಗಿದೆ, ನರ ಪೂರ್ತಿ ತುಂಡಾಗಿದೆ, ಇನ್ನು ಹಾರುವುದಿಲ್ಲ.

"ಮೊದಲ ತಂದಿದ್ರ?" ಎಂದು ನಾನೇ ಕೇಳಿದೆ, ಅವಳ ಭಾಷೆಯಲ್ಲೇ.

"ಡಾಕ್ಟರ್ ಅಂದ್ರು, ಬಡಕೊಂಡದ್ದಕ್ಕ ಹಿಂಗ ಆತು ಅಂತ. ಅಷ್ಟ ಅಂದ್ರು ಸರ."

ಮಾರನೆಯ ದಿನ ಹದ್ದಿಗೆ ಇಂಜೆಕ್ಷನ್ ಕೊಟ್ಟು ಸಾಯಿಸಿದರು. ಸುದ್ದಿ ಬಂದಾಗ ನಾನು ಊಟ ಮಾಡುತ್ತಿದ್ದೆ. ಊಟ ಮುಗಿಸಿ ತಟ್ಟೆ ತೊಳೆದಿಟ್ಟೆ. ದುಃಖವಾಯಿತೆಂದು ಬರೆಯಲಾರೆ. ಏನಾಯಿತೆಂದು ಗೊತ್ತಿಲ್ಲ. ಜೊತೆಗಾರ ಹೋದಾಗಲೂ ಹೀಗೇ ಇದ್ದೆ. ಹೆಂಗಸರು ಅಳುತ್ತಿದ್ದ ಮನೆಯಲ್ಲಿ ನಾನು ಗಡಿಯಾರ ನೋಡುತ್ತಿದ್ದದ್ದು ನೆನಪಿದೆ.

ಆ ವಾರ ನಡೆದಾಟದ ಹೊತ್ತನ್ನು ಬೇರೆ ಕೆಲಸಕ್ಕೆ ಹಾಕಿದೆ. ಜೋಗುಪಾಳ್ಯ, ಹಲಸೂರಿನ ಓಣಿಗಳಲ್ಲಿ ತಂತಿಯ ಪಕ್ಕ ಮಾಂಜಾ ಇರುವ ಮರಗಳನ್ನೆಲ್ಲ ನೋಡಿ, ಹತ್ತಿರದ ಕಂಬದ ನಂಬರ್ ಬರೆದುಕೊಂಡೆ. ಪಟ್ಟಿಯನ್ನು ವಿದ್ಯುತ್ ಕಚೇರಿಗೆ ಒಯ್ದು, ತಿಂಗಳಿಗೊಂದು ಭಾನುವಾರ ಒಂದು ಓಣಿಗೆ ಮೊದಲೇ ಲೈನ್ ಕ್ಲಿಯರ್ ಕೊಡಿ ಎಂದು ಕೇಳಿದೆ. ಹಕ್ಕಿ ಸಿಕ್ಕಿದ ಮೇಲೆ ಓಡುವುದಲ್ಲ, ಮೊದಲೇ ದಾರ ತೆಗೆಯುವುದು. ಅಲ್ಲಿನ ಅಧಿಕಾರಿ ಪಟ್ಟಿ ನೋಡಿ ಒಪ್ಪಿದರು. ಮೊದಲ ಓಣಿ ಟೈಲರ್ ಅಂಗಡಿಯದೇ. ಎರಡು ಚೀಲ ದಾರ ಸಿಕ್ಕಿತು.

ಟೈಲರಾಕೆ ಎಲ್ಲರಿಗೂ ಟೀ ತಂದರು. ನನಗೆ ಕೊಡುವಾಗ ಲೋಟ ಬಿಡಲಿಲ್ಲ. "ಅವತ್ತು ಆಗ್ಲೇ ಬಿಡಿಸೋಕೆ ಬಿಟ್ಟಿದ್ರೆ ಉಳೀತಿತ್ತು ಅಲ್ವಾ?"

"ಉಳೀತಿತ್ತೇನೋ ಅಮ್ಮ."

"ಇವತ್ತಾಗಿದ್ರೆ?"

"ಇವತ್ತೂ ಕಾಯ್ತಿದ್ದೆ."

ಲೋಟ ಬಿಟ್ಟರು. ಒಳಗೆ ಹೋದರು.

ಹೊಸದಾಗಿ ಸೇರುವವರಿಗೆ ಒಂದು ಹಾಳೆ ಬರೆದುಕೊಡಿ ಎಂದು ಹುಡುಗಿ ಕೇಳಿದ್ದಳು. ಗಳ, ಕತ್ತರಿ, ಟವೆಲ್, ಡಬ್ಬ, ಫೋನ್ ಮಾಡುವ ಕ್ರಮ ಎಲ್ಲವನ್ನೂ ಬರೆದೆ. ತಂತಿಯ ಭಾಗದಲ್ಲಿ ಹೀಗೆ ಬರೆದೆ: 'ಲೈನ್ ಕ್ಲಿಯರ್ ಇಲ್ಲದೆ ಗಳ ಎತ್ತಬಾರದು. ಜೋಗುಪಾಳ್ಯದಲ್ಲಿ ಐವತ್ತೆರಡು ನಿಮಿಷ ಕಾದೆವು. ತಂತಿಯಲ್ಲಿ ಕರೆಂಟು ಇರಲಿಲ್ಲ. ಹದ್ದು ಉಳಿಯಲಿಲ್ಲ. ಆದರೂ ಕಾಯಬೇಕು.'

ಅವಳು ಓದಿ, "ಹೊಸಬರು ಅಂಜತಾರ್ರಿ ಸರ, ಇಷ್ಟೆಲ್ಲ ಬೇಕೇನ್ರಿ?" ಎಂದಳು.

"ಬೇಕು."

ರಾತ್ರಿ ಅದನ್ನು ಟೈಪ್ ಮಾಡಿ ಗುಂಪಿನ ವಾಟ್ಸಾಪಿಗೆ ಹಾಕಿದಳು. ತಂತಿಯ ಭಾಗದಲ್ಲಿ ಮೊದಲ ವಾಕ್ಯ ಇತ್ತು, ಉಳಿದ ನಾಲ್ಕು ಇರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಆ ನಾಲ್ಕನ್ನೂ ನಾನೇ ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ.