ಭಾವನ ಬೆರಳು, ಅಕ್ಕನ ಕೌಂಟರ್

ನಮ್ಮ ಭಾವನಿಗೆ ಕೂತಲ್ಲಿ ಕೂರುವ ಯೋಗವಿಲ್ಲ. ಊಟಕ್ಕೆ ಕೂತರೆ ಮಂಡಿ ಕುಣಿಯುತ್ತದೆ, ಮಲಗಿದರೆ ದಿಂಬು ದಿಕ್ಕು ಬದಲಿಸುತ್ತದೆ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಅವರೇ ಮುಖ್ಯಸ್ಥರು, ನಾನು ಅವರ ಕೈಕೆಳಗೆ. ನನ್ನ ಅರ್ಹತೆ ಏನೆಂದು ಕೇಳಿದರೆ, ಅವರ ಹೆಂಡತಿಯ ತಮ್ಮ.

ಅಕ್ಕ ಕೆಳಗಿನ ಮಹಡಿಯ ರಿಪೋರ್ಟ್ ಕೌಂಟರಿನಲ್ಲಿದ್ದಾಳೆ. ಬೆಳಗ್ಗೆ ರಕ್ತಪರೀಕ್ಷೆಯ ರಿಪೋರ್ಟಿಗೆ ಜನ ಮುಗಿಬೀಳುವ ಹೊತ್ತಿಗೇ ಸರ್ವರ್ ತೂಕಡಿಸುತ್ತಿತ್ತು. ತೂಕಡಿಸುವುದು ಅದು, ಬೈಸಿಕೊಳ್ಳುವುದು ಅಕ್ಕ. "ರೀ, ಮತ್ತೆ ನಿಂತುಹೋಯ್ತು!" ಎಂದು ಫೋನ್ ಬಂದ ಕೂಡಲೇ ಭಾವ ಆಪರೇಟಿಂಗ್ ಸಿಸ್ಟಮ್ಮಿನ ಯಾವುದೋ ಸೆಟ್ಟಿಂಗ್ ತಿರುಗಿಸುವರು. ಸ್ವಲ್ಪ ಹೊತ್ತಿಗೆ ಸರ್ವರ್ ಚುರುಕಾಗುವುದು. "ನೋಡಿದ್ಯಾ?" ಎಂದು ಬೀಗುವರು. ನಾನು ತಲೆಯಾಡಿಸುವೆ, ನನಗೆ ಸಂಬಳ ಕೊಡುವುದೇ ಅದಕ್ಕೆ. ಮರುದಿನ ಮತ್ತೆ ಅದೇ ಗೋಳು.

ಕೊನೆಗೊಮ್ಮೆ ಗ್ರಾಫ್ ಹಾಕಿ ನೋಡಿದೆವು. ಜನ ಕರಗಿದಂತೆ ಸರ್ವರ್ ತಾನೇ ಎಚ್ಚರಾಗುತ್ತಿತ್ತು. ಭಾವನ ಬೆರಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ಭಾವನೇ ಒಂದು ಪರೀಕ್ಷೆ ಹೂಡಿದರು. ಬರೆಯಬೇಕಾದ ಡೇಟಾವನ್ನೆಲ್ಲ ಗುಡ್ಡೆ ಹಾಕಿಕೊಂಡು ಒಮ್ಮೆಲೇ ಡಿಸ್ಕಿಗೆ ಸುರಿಯುವುದು ಹಳೇ ಸೆಟ್ಟಿಂಗ್, ಸ್ವಲ್ಪಸ್ವಲ್ಪವೇ ಇಳಿಸುವುದು ಹೊಸದು. ದಿನಾ ಬೆಳಗ್ಗೆ ನಾಣ್ಯ ಚಿಮ್ಮಿ, ಯಾವ ಸೆಟ್ಟಿಂಗಿಗೆ ಬಿತ್ತೋ ಅದನ್ನೇ ಆ ದಿನವೆಲ್ಲ ಇಡಬೇಕು.

"ನಾವೇ ಆರಿಸಿದ್ರೆ, ಜನ ಕಡಿಮೆ ಇರೋ ದಿನ ನೋಡಿ ನಮಗೆ ಇಷ್ಟವಾದದ್ದನ್ನೇ ಇಡ್ತೀವಿ. ತಿಂಗಳು ಮುಗಿಯೋ ತನಕ ಯಾರೂ ಬೇರೇನೂ ಮುಟ್ಟಬಾರದು," ಎಂದರು.

"ಯಾರೂ ಅಂದ್ರೆ?"

"ನಾನೇ ಕಣೋ."

ರಜೆಯ ಮರುದಿನ, ಜನ ಕಿಕ್ಕಿರಿದ ದಿನವೇ, ನಾಣ್ಯ ಹಳೆಯದಕ್ಕೆ ಬಿತ್ತು. ಫೋನ್ ಹೊಡೆದುಕೊಂಡಿತು. ಭಾವ ಎತ್ತಲಿಲ್ಲ. ಅಕ್ಕ ಏದುಸಿರು ಬಿಡುತ್ತಾ ಮೇಲೆ ಬಂದಳು.

"ಕಿವಿ ಕೇಳಲ್ವೇನ್ರೀ? ಅಲ್ಲೊಬ್ಬ ಮುದುಕ ನನ್ನ ವಂಶಾನೇ ಜಾಲಾಡ್ತಿದ್ದಾನೆ!"

ಭಾವನ ಬೆರಳು ಕೀಬೋರ್ಡಿನ ಮೇಲಿತ್ತು. "ಹೊಸದಕ್ಕೆ ಹಾಕಿಬಿಡ್ಲಾ?"

"ಹಾಕಿಬಿಡಿ ಭಾವ, ಒಂದು ದಿನ ತಾನೇ," ಎಂದೆ. ವಿಜ್ಞಾನದ ಮೇಲೆ ನನ್ನ ನಿಷ್ಠೆ ಅಕ್ಕನ ಕಣ್ಣು ಕೆಂಪಾಗುವವರೆಗೆ ಮಾತ್ರ.

"ನೀನು ಸುಮ್ನಿರೋ," ಎಂದು ಗದರಿದ ಅಕ್ಕ ಗಂಡನತ್ತ ತಿರುಗಿದಳು. "ಹಾಕಿದ್ರೆ ನಿಮ್ಮ ಪರೀಕ್ಷೆ ಏನಾಗುತ್ತೆ?"

"ಕೆಡುತ್ತೆ. ಕಷ್ಟದ ದಿನ ಬಂದಾಗಲೆಲ್ಲ ಹೀಗೆ ತಪ್ಪಿಸಿಕೊಂಡ್ರೆ ಯಾವುದು ಮೇಲು ಅಂತ ಯಾವತ್ತೂ ಗೊತ್ತಾಗಲ್ಲ."

"ಅಂದ್ರೆ ಇಷ್ಟು ದಿನ ನಾನು ತಿಂದ ಬೈಗುಳವೆಲ್ಲ ದಂಡ. ಮುಟ್ಟಿದ್ರೆ ನೋಡಿ ಮತ್ತೆ!"

ಅಕ್ಕ ಹೊರಟಳು. ಭಾವ ಎದ್ದು ಕೋಣೆಯೊಳಗೇ ಸುತ್ತಿದರು, ಕೀಬೋರ್ಡಿನತ್ತ ಬಂದರು, ಕೈ ಹಿಂದಕ್ಕೆ ಕಟ್ಟಿಕೊಂಡರು. ಆಮೇಲೆ ದಡದಡನೆ ಮೆಟ್ಟಿಲಿಳಿದು ಕೌಂಟರಿನಲ್ಲಿ ಅವಳ ಪಕ್ಕ ನಿಂತರು. ಸಾಲು ಕರಗುವವರೆಗೂ ತಮ್ಮ ಪಾಲಿನದನ್ನು ಬೈಸಿಕೊಂಡರು. ಅಲ್ಲಿಂದಾಚೆಗೆ ನಾಣ್ಯ ಹಳೆಯದಕ್ಕೆ ಬಿದ್ದ ದಿನವೆಲ್ಲ ಅದೇ ಕೆಲಸ.

ತಿಂಗಳ ಕೊನೆಗೆ ಲೆಕ್ಕ ಹಾಕಿದೆವು. ಜನ ತುಂಬಿದ ದಿನಗಳಲ್ಲೂ ಹೊಸ ಸೆಟ್ಟಿಂಗೇ ಚುರುಕು. ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ವ್ಯತ್ಯಾಸ. ಅದನ್ನೇ ಉಳಿಸಿಕೊಂಡೆವು.

"ಈಗಲೂ ಬೈತಾರಾ?" ಎಂದು ಭಾವ ಅಕ್ಕನನ್ನು ಕೇಳಿದರು.

"ಬೈತಾರೆ. ಕಾಯೋಕೆ ಕುರ್ಚಿ ಸಾಲದು ಅಂತ."

ಭಾವ ಆಗಲೇ ಎದ್ದು ನಿಂತಿದ್ದರು. "ಯಾವ ಕಡೆ ಸಾಲದು?"