ಹೌಸಿಂಗ್ ಮೇಸ್ತ್ರಿ

ಮೇಸ್ತ್ರಿಯ ಎಡಹುಬ್ಬು ಅರ್ಧವೇ ಇತ್ತು. ಮಿಕ್ಕರ್ಧ ಯಾವಾಗಲೋ ವೆಲ್ಡಿಂಗ್ ಕಿಡಿಗೆ ಸುಟ್ಟುಹೋಗಿ, ಅಲ್ಲಿ ಚರ್ಮ ನುಣ್ಣಗೆ ಮಿರುಗುತ್ತಿತ್ತು.

ಆರ್.ಟಿ. ನಗರದಲ್ಲಿ ನಮ್ಮ ಮನೆಯ ಎದುರಿಗೇ ಅವರ ತಗಡಿನ ಶೆಡ್ಡು. ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರಿಗೆ ಆಗ ಜೀಪ್ ರ‍್ಯಾಲಿಯ ಹುಚ್ಚು. ಕಲ್ಲು, ಹಳ್ಳ, ಕೆರೆಯಂಗಳ ಎನ್ನದೆ ಓಡಿಸುವ ಆ ಪಂದ್ಯಗಳಲ್ಲಿ ಮೊದಲು ಕೈಕೊಡುತ್ತಿದ್ದದ್ದು ಹಿಂದಿನ ಹೌಸಿಂಗ್. ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸಲನ್ನು ಒಳಗಿಟ್ಟುಕೊಂಡಿರುವ ಉಕ್ಕಿನ ಕೊಳವೆ. ಜೀಪು ಹಾರಿ ಬಿದ್ದರೆ ಅದು ನಡುವೆ ಬಾಗುತ್ತಿತ್ತು. ಅದರ ಬೆನ್ನಿಗೆ ಉದ್ದಕ್ಕೂ ಉಕ್ಕಿನ ಪಟ್ಟಿ ಬೆಸೆದು ಗಟ್ಟಿ ಮಾಡುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಯಲಹಂಕದಿಂದೆಲ್ಲ ರ‍್ಯಾಲಿಯವರು ಹುಡುಕಿಕೊಂಡು ಬರುತ್ತಿದ್ದರು.

ಅವರದು ನಿಧಾನದ ಕೆಲಸ. ಈ ತುದಿಯಲ್ಲಿ ಎರಡು ಬೆರಳಗಲ ವೆಲ್ಡಿಂಗ್, ಆಮೇಲೆ ಆ ತುದಿಯಲ್ಲಿ ಎರಡು ಬೆರಳಗಲ. ಬರಿಗೈ ಇಡುವಷ್ಟು ಆರುವ ತನಕ ಸ್ಟೂಲಿನ ಮೇಲೆ ಸುಮ್ಮನೆ ಕೂರುವುದು. ಎಲ್ಲ ಮುಗಿದ ಮೇಲೆ, ಕಾವು ನಿಧಾನಕ್ಕೆ ಇಳಿಯಲೆಂದು, ಬೂದಿಯೊಳಗೆ ಹೂತು ಮಲಗಿಸುವುದು. ಆ ಬೂದಿ ನಮ್ಮ ಬಚ್ಚಲೊಲೆಯದು. ನಾನೇ ಎಣ್ಣೆ ಡಬ್ಬದಲ್ಲಿ ತುಂಬಿ ಕೊಟ್ಟುಬರುತ್ತಿದ್ದೆ.

"ಒಂದೇ ಕಡೆ ಕಾಯಿಸಿದ್ರೆ ಕಬ್ಬಿಣಕ್ಕೆ ಕೋಪ ಬರ್ತದೆ ಅಮ್ಮಾ, ಆ ಕಡೇಗೇ ತಿರುಗ್ಕೊಂಬಿಡ್ತದೆ" ಎನ್ನುತ್ತಿದ್ದರು.

ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಮಧ್ಯಾಹ್ನ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದರು. ರ‍್ಯಾಲಿ ಮುಗಿದ ಮೇಲೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಹೌಸಿಂಗ್ ತಡೆಯಿತೋ ಇಲ್ಲವೋ ಎಂದು ಅವರಿಗೆ ತಿಳಿಯುತ್ತಿದ್ದದ್ದು, ಬೂದಿ ಕೊಡಲು ಹೋದಾಗ ನಾನು ಹೇಳಿದರೆ ಉಂಟು.

ಒಂದು ಸಲ ಯಜಮಾನರ ಹೌಸಿಂಗ್ ಶೆಡ್ಡಿನಲ್ಲಿತ್ತು. ಮರುದಿನವೇ ರ‍್ಯಾಲಿಗೆ ಹೊರಡಬೇಕು. ಹಗಲೆಲ್ಲ ಕರೆಂಟಿಲ್ಲ. ಸಂಜೆ ಕರೆಂಟು ಬಂದಾಗ ಯಜಮಾನರು ಪಕ್ಕದಲ್ಲೇ ನಿಂತು ಬೇಗ ಬೇಗ ಎಂದು ಅವಸರಪಡಿಸಿದರು. ಮೇಸ್ತ್ರಿ ಜನ್ಮದಲ್ಲಿ ಮಾಡದ್ದನ್ನು ಮಾಡಿದರು. ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ವೆಲ್ಡಿಂಗ್ ಎಳೆದುಬಿಟ್ಟರು.

ಬೆಳಿಗ್ಗೆ ಜೊತೆಯ ಇಬ್ಬರು ಡ್ರೈವರುಗಳೂ ಬಂದಿದ್ದರು. ನಾನು ಗೇಟಿನಲ್ಲಿ ನಿಂತಿದ್ದೆ. ಮೇಸ್ತ್ರಿ ಬೂದಿ ಕೊಡವಿ, ಕೊಳವೆಯ ಉದ್ದಕ್ಕೂ ದಾರ ಬಿಗಿದು ಹಿಡಿದು ಬಹಳ ಹೊತ್ತು ನೋಡಿದರು. ನಡುಭಾಗದಲ್ಲಿ ದಾರಕ್ಕೂ ಕೊಳವೆಗೂ ರಾಗಿಕಾಳು ತೂರುವಷ್ಟು ಸಂದು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇದು ಹಾಕ್ಬೇಡಿ ಸಾರ್. ಬಗ್ಗಿದೆ. ತಪ್ಪು ನಂದೇ."

"ಇಷ್ಟಕ್ಕಾ?" ಎಂದರು ಯಜಮಾನರು.

"ಗುಂಡಿಗೆ ಬಿದ್ರೆ ಸೀಲ್ ಕಿತ್ಕೊಂಡು ಎಣ್ಣೆ ಬ್ರೇಕಿಗೆ ಇಳೀತದೆ. ಆಮೇಲೆ ನೀವು ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ."

"ದಾರ ಚೆನ್ನಾಗ್ ಹಿಡೀತೀರ ಮೇಸ್ತ್ರಿ, ಟೈಲರ್ ಅಂಗಡಿ ಇಟ್ಕೊಳ್ಳಿ" ಎಂದು ಒಬ್ಬ ಡ್ರೈವರು ನಕ್ಕ. ಯಜಮಾನರು ನಗಲಿಲ್ಲ. ಬೇರೆ ಹೌಸಿಂಗ್ ಇರಲಿಲ್ಲ. ಆ ರ‍್ಯಾಲಿ ತಪ್ಪಿತು. ಮಧ್ಯಾಹ್ನ ಅವರು ಸಿಡುಕುತ್ತಲೇ ಮನೆಯಲ್ಲಿ ಊಟಕ್ಕೆ ಕೂತರು. ಕಣ್ಣೆದುರಿಗೇ ಇದ್ದಾರಲ್ಲ ಎಂಬ ಸಮಾಧಾನಕ್ಕೆ, ಅವರು ಕೇಳದೆಯೇ ಇನ್ನೊಂದು ಚಮಚ ತುಪ್ಪ ಬಡಿಸಿದೆ.

ಮೇಸ್ತ್ರಿಯ ಕೈ ಕೆಟ್ಟಿತು ಎಂದು ಮಾತು ಹಬ್ಬಿತು. ಹಬ್ಬಿಸಿದವರಲ್ಲಿ ನಮ್ಮವರೂ ಇದ್ದರು. ರ‍್ಯಾಲಿಯವರು ಬರುವುದು ನಿಂತಿತು. ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಗೇಟು ತಯಾರಾಗತೊಡಗಿದವು. ಗ್ರಿಲ್ಲಿಗೆ ಬೂದಿ ಬೇಕಾಗುವುದಿಲ್ಲ. ನಾನು ಅಲ್ಲಿಗೆ ಹೋಗುವ ಕಾರಣವೂ ಇಲ್ಲವಾಯಿತು.

ಒಮ್ಮೆ ನಮ್ಮ ಗೇಟಿನ ಹತ್ತಿರ ಸಿಕ್ಕಿ, ಸಾಹೇಬರ ಗಾಡಿಗೆ ಈಗ ಯಾರು ಮಾಡುತ್ತಾರೆ ಎಂದು ಕೇಳಿದರು. ಯಶವಂತಪುರದಲ್ಲಿ ಯಾರೋ ಎಂದೆ.

"ನಿಧಾನ ಮಾಡಕ್ಕೆ ಹೇಳಿ ಅಮ್ಮಾ" ಎಂದರು.

ತಲೆಯಾಡಿಸಿದೆ. ಯಜಮಾನರು ನೋಡಿಯಾರೆಂದು ಬೇಗ ಒಳಗೆ ಬಂದುಬಿಟ್ಟೆ.

ಎಂಬತ್ತರ ದಶಕದ ನಡುವೆ, ಒಂದು ಶುಕ್ರವಾರ, ಅವರು ತೀರಿಕೊಂಡರು. ಬೀದಿಯ ಗಂಡಸರು ಹೆಗಲು ಕೊಟ್ಟರು. ರ‍್ಯಾಲಿಯವರಲ್ಲಿ ಒಬ್ಬರೂ ಇರಲಿಲ್ಲ.

ಯಜಮಾನರು ಈಗಲೂ ದಿನಾ ಸಂಜೆ ಆರೂವರೆಗೆ ವಾಕಿಂಗ್ ಮುಗಿಸಿ ಬಂದು, ಚಪ್ಪಲಿ ಬಿಟ್ಟು ಕಾಫಿ ಕೇಳುತ್ತಾರೆ. ಅವತ್ತು ನೀವು ಹೇಳಿದ್ದು ಒಳ್ಳೇದಾಯ್ತು ಮೇಸ್ತ್ರಿ, ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆಮೇಲೂ ಐದಾರು ವರ್ಷ ಅವರು ನಮ್ಮೆದುರಿಗೇ ಇದ್ದರು. ನಾನು ಹೇಳಲಿಲ್ಲ.